ಹೊರಗಿನ ಚಿಲಕ

ನಮ್ಮಪ್ಪ ಜೈಲಿನಲ್ಲಿ ಏನು ತಿಂದ, ಎಲ್ಲಿ ಮಲಗಿದ, ದಿನಕ್ಕೆ ಎಷ್ಟು ಏಟು ತಿಂದ ಎನ್ನುವುದು ಊರಿನ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ನಮ್ಮ ಮನೆಯವರಿಗೆ ಮಾತ್ರ. ಅನ್ನಕ್ಕೆ ಸುಣ್ಣ ಕಲಸಿ ಕೊಡುತ್ತಾರಂತೆ, ಒಂದು ಸಲ ಆ ಅನ್ನ ತಿಂದವನ ಹೊಟ್ಟೆ ಮತ್ತೆ ಅಲ್ಲಿಗೇ ಎಳೆಯುತ್ತದಂತೆ. ರಾತ್ರಿ ಎಲ್ಲರನ್ನೂ ಒಂದೇ ಸರಪಳಿಗೆ ಪೋಣಿಸಿ ಮಲಗಿಸುತ್ತಾರಂತೆ, ಒಬ್ಬ ಮಗ್ಗುಲು ಬದಲಿಸಿದರೆ ಸಾಲಿನವರೆಲ್ಲ ಬದಲಿಸಬೇಕಂತೆ. ಈ ವಿವರ ಕೊಡುತ್ತಿದ್ದವರಲ್ಲಿ ಒಬ್ಬರೂ ಮಡಿಕೇರಿಯ ಜೈಲಿನ ಗೋಡೆಯನ್ನು ಹೊರಗಿನಿಂದಲಾದರೂ ಕಂಡವರಲ್ಲ. ಕಾಣದಿದ್ದುದನ್ನು ಇಷ್ಟು ಖಚಿತವಾಗಿ ಹೇಳುವ ಜನರನ್ನು ನಾನು ಆಮೇಲೆ ಕಾಲೇಜಿನಲ್ಲೂ ಕಂಡೆ, ಸ್ಟಾಫ್‌ರೂಮಿನಲ್ಲೂ ಕಂಡೆ. ನಮ್ಮ ವಂಶದಲ್ಲಿ ಮೊದಲ ಪದವಿ ನನ್ನದು, ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಪದವಿ ಪಡೆದವರಿಗೆ ಈ ವಿಷಯದಲ್ಲಿ ಬುದ್ಧಿ ಹೆಚ್ಚು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ.

ನಮ್ಮದು ಕಾವೇರಿಯ ಈಚೆ ದಂಡೆಯ ಊರು, ಕುಶಾಲನಗರದ ಸಂತೆಗೆ ನಡೆದೇ ಹೋಗಿಬರುವಷ್ಟು ದೂರ. ಅಜ್ಜನ ಕಾಲಕ್ಕೆ ಹಾಸನದ ಕಡೆಯಿಂದ ಎತ್ತು ಹೊಡೆದುಕೊಂಡು ಬಂದು ನೆಲೆ ನಿಂತವರು ನಾವು. ಹೊಳೆ ದಾಟಿದರೆ ಮೈಸೂರು ರಾಜ್ಯ, ಈಚೆಗೆ ಕೊಡಗು ರಾಜ್ಯ. ಆಗ ಕೊಡಗಿಗೆ ಅದರದೇ ಸರ್ಕಾರ, ಅದರದೇ ಮಂತ್ರಿಗಳು, ಅದರದೇ ಜೈಲು. ಹೊಳೆಯಾಚೆಯ ನಮ್ಮ ನೆಂಟರು ಸಮಾಧಾನ ಹೇಳಲು ಬಂದಾಗ ಇದನ್ನೂ ಬಿಡಲಿಲ್ಲ.

“ನಮ್ ಮೈಸೂರು ಜೈಲಾಗಿದ್ರೆ ಪರವಾಗಿರ್ನಿಲ್ಲ ಕಣವ್ವ. ಕೊಡಗಿನ್ ಜೈಲು. ಚಳಿಗೇ ಅರ್ಧ ಜೀವ ಹೋಯ್ತದೆ.”

ಅಪ್ಪ ತಪ್ಪು ಮಾಡಿದ್ದ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಇಂಥ ಕತೆ ಹೇಳುವವರು ಕೊನೆಗೆ ‘ಪಾಪ, ಅವರೇನೂ ಮಾಡಿರಲಿಲ್ಲ’ ಎಂದು ಮುಗಿಸುತ್ತಾರೆ, ಕೇಳುವವರಿಗೂ ಅದೇ ಬೇಕು. ನಮ್ಮಪ್ಪ ಮಾಡಿದ್ದ. ತೋಡಿನ ನೀರು ಸರದಿಯ ಪ್ರಕಾರ ಒಬ್ಬೊಬ್ಬರ ಗದ್ದೆಗೆ ಹೋಗಬೇಕು. ನಮ್ಮ ಗದ್ದೆಯ ಕೆಳಗಿನದು ಕೆಂಚಪ್ಪ ದೊಡ್ಡಪ್ಪನದು. ನೆಂಟನೇನಲ್ಲ, ಅಪ್ಪನಿಗಿಂತ ವಯಸ್ಸಿನಲ್ಲಿ ದೊಡ್ಡವನಾದ್ದರಿಂದ ನಮಗೆ ದೊಡ್ಡಪ್ಪ. ಅವನ ಸರದಿಯ ದಿನ ಅಪ್ಪ ನೀರನ್ನು ನಮ್ಮ ಗದ್ದೆಗೆ ತಿರುಗಿಸಿಕೊಂಡ. ದೊಡ್ಡಪ್ಪ ಬಂದು ಬದು ಕಡಿದು, ನಮ್ಮಜ್ಜಿಯನ್ನೂ ಸೇರಿಸಿ ಬೈದ. ಅಪ್ಪ ಗುದ್ದಲಿಯ ಕಾವಿನಿಂದ ಬೀಸಿದ. ದೊಡ್ಡಪ್ಪನ ಬಲಗೈಯ ಮೊಣಕೈ ಚೂರಾಯಿತು. ಯಾರೋ ಕಟ್ಟಿದ ಕಟ್ಟಿನಲ್ಲಿ ಮೂಳೆ ಕೂಡಿಕೊಂಡದ್ದೇನೋ ಹೌದು, ಆದರೆ ಕೈ ಕೋಲಿನಂತೆ ನೆಟ್ಟಗೆ ನಿಂತುಬಿಟ್ಟಿತು. ಕೋರ್ಟಿನಲ್ಲಿ ಅಪ್ಪ “ಹೊಡೆದದ್ದು ನಾನೇ” ಎಂದ. ಹದಿನೆಂಟು ತಿಂಗಳು ಶಿಕ್ಷೆ ಆಯಿತು.

ಆ ಹದಿನೆಂಟು ತಿಂಗಳು ಅಪ್ಪ ನಮ್ಮ ಮನೆಯ ಲೆಕ್ಕದಲ್ಲಿ ಕುಟ್ಟದಲ್ಲಿದ್ದ. ಅದು ಅವ್ವ ಕಟ್ಟಿದ ಸುಳ್ಳು. ಕುಟ್ಟ ಕೊಡಗಿನ ಆ ತುದಿಯಲ್ಲಿದೆ, ಯಾರೂ ಹೋಗಿ ನೋಡಿ ಬರುವುದಿಲ್ಲ ಎಂದು ಅವಳ ಎಣಿಕೆ. ‘ಕುಟ್ಟದ ಎಸ್ಟೇಟಿನಲ್ಲಿ ಮೇಸ್ತ್ರಿ ಕೆಲಸ’ ಎಂದು ನನಗೆ ಬಾಯಿಪಾಠ ಮಾಡಿಸಿದಳು. ಊರಿಗೆಲ್ಲ ಗೊತ್ತಿದ್ದ ಸಂಗತಿಗೆ ಇಂಥ ಮುಸುಕು ಏಕೆಂದು ನನಗೆ ಒಂಬತ್ತನೆಯ ವಯಸ್ಸಿನಲ್ಲೂ ಅರ್ಥವಾಗಲಿಲ್ಲ. ಶಾಲೆಯಲ್ಲಿ ಮೇಷ್ಟ್ರು “ನಿಮ್ಮಪ್ಪ ಎಲ್ಲವ್ರೆ?” ಎಂದು ಬೇಕೆಂದೇ ಕೇಳುತ್ತಿದ್ದರು, ನಾನು “ಕುಟ್ಟದಲ್ಲಿ ಸಾ” ಎನ್ನುತ್ತಿದ್ದೆ, ಹಿಂದಿನ ಸಾಲು ಕಿಸಕ್ಕೆಂದು ನಗುತ್ತಿತ್ತು. ಮಗ್ಗಿ ಒಪ್ಪಿಸಿದಷ್ಟೇ ನಿತ್ಯದ ವಿಧಿ ಅದು. ಗದ್ದೆಯ ಕೆಲಸ ಮಾತ್ರ ನಿಲ್ಲಲಿಲ್ಲ. ನಮ್ಮ ಕಡೆ ನಾಟಿಗೆ ಮುಯ್ಯಾಳಿನ ಪದ್ಧತಿ. ಇಂದು ಅವರು ನಮ್ಮ ಗದ್ದೆಗೆ, ನಾಳೆ ನಾವು ಅವರ ಗದ್ದೆಗೆ. ಕೂಲಿಯಿಲ್ಲ, ಹೊಟ್ಟೆ ತುಂಬ ಊಟ. ಮುಯ್ಯಿಗೆ ಯಾರೂ ಬಾರದ ಮನೆ ಊರಿನಲ್ಲಿ ಇದ್ದೂ ಇಲ್ಲದ ಹಾಗೆ. ಅಪ್ಪನಿಲ್ಲದ ವರ್ಷ ಊರಿನ ಹೆಂಗಸರು ತಪ್ಪದೆ ಬಂದರು. ಅವ್ವನನ್ನು ನಡುವೆ ನಿಲ್ಲಿಸಿಕೊಂಡು, ಪದ ಹೇಳಿಕೊಂಡು, ‘ನಿನ್ನ ಹಣೆಬರಹ ಕಣವ್ವ’ ಎಂದು ಕಣ್ಣೊರೆಸಿಕೊಂಡು ನಾಟಿ ಹಾಕಿಕೊಟ್ಟರು. ನಾನು ಅವರನ್ನು ಒಳ್ಳೆಯವರೆಂದೇ ತಿಳಿದಿದ್ದೆ. ಈಗಲೂ ಕೆಟ್ಟವರೆನ್ನಲಾರೆ. ಕಷ್ಟವೇ ಅದು.

ಅಪ್ಪ ಬಂದದ್ದು ಮುಂಗಾರು ಶುರುವಾಗುವುದಕ್ಕೆ ಸ್ವಲ್ಪ ಮೊದಲು, ಬಟ್ಟೆಗಂಟು ಕಂಕುಳಲ್ಲಿ ಇಟ್ಟುಕೊಂಡು, ಹಾಡುಹಗಲೇ, ಊರ ನಡುವಿನ ಬೀದಿಯಲ್ಲೇ. ಹಿಂದಿನ ಓಣಿಯಿಂದ ಬರಬಾರದಿತ್ತೇ ಎಂದು ಅವ್ವ ಗೊಣಗಿದಳು. ಅಜ್ಜಿ ಮೊದಲು ಹರಳೆಣ್ಣೆ ಕಾಯಿಸಿದಳು. ಮಗನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ ತಲೆಯಿಂದ ಪಾದದವರೆಗೆ ಎಣ್ಣೆ ತಿಕ್ಕಿದಳು, ತಿಕ್ಕುತ್ತ ಅತ್ತಳು, ಅಳುತ್ತ ಬೈದಳು. ನಾನು ಬಿಸಿನೀರಿನ ಚೆಂಬು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನಾನು ನೋಡುತ್ತಿದ್ದದ್ದು ಅಪ್ಪನ ಮುಖವನ್ನಲ್ಲ, ಕಾಲ ಹರಡನ್ನು. ಬೇಡಿಯ ಗುರುತು ಇರಬೇಕು, ಕಪ್ಪಗೆ, ಬಳೆಯ ಹಾಗೆ ಸುತ್ತ. ಎಡಗಾಲು ನೋಡಿದೆ, ಬಲಗಾಲು ನೋಡಿದೆ. ಏನೂ ಇರಲಿಲ್ಲ. ಎರಡೂ ಕಾಲು ಹೋಗುವಾಗ ಹೇಗಿದ್ದವೋ ಹಾಗೇ ಇದ್ದವು. ನನಗೆ ಬೇಸರವಾಯಿತು. ಬರೆಯಲು ನಾಚಿಕೆಯಾದರೂ ಬರೆಯುತ್ತಿದ್ದೇನೆ, ನನಗೆ ನಿಜವಾಗಿ ಬೇಸರವಾಯಿತು.

ಮಾರನೆಯ ದಿನ ಶಾಲೆಯಲ್ಲಿ ಗುರುತು ಇದೆ ಎಂದೆ. ಒಂದು ಕಾಲಿನಲ್ಲಲ್ಲ, ಎರಡರಲ್ಲೂ. ಅದುವರೆಗೆ ನನ್ನ ಪಕ್ಕ ಕೂರಲು ಒಲ್ಲದವರೆಲ್ಲ ಮುತ್ತಿಕೊಂಡರು. ಒಂದು ವಾರ ನಾನು ತರಗತಿಯ ರಾಣಿ. ಆ ಭಾನುವಾರ ಐದಾರು ಮಕ್ಕಳು ನಮ್ಮ ಅಂಗಳಕ್ಕೇ ಬಂದರು. ಅಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಅವರು ಅವನ ಕಾಲನ್ನೇ ನೋಡುತ್ತ ನಿಂತರು. ಅಪ್ಪ ಅವರನ್ನು ನೋಡಿದ, ಬಾಗಿಲ ಸಂದಿಯಲ್ಲಿದ್ದ ನನ್ನನ್ನು ನೋಡಿದ. ಅವನಿಗೆ ತಿಳಿಯಿತು. ಪಂಚೆಯನ್ನು ಒಂದು ಗೇಣು ಮೇಲಕ್ಕೆತ್ತಿ ಕಾಲು ಮುಂದೆ ಚಾಚಿದ.

“ನೋಡ್ಕಳ್ರಪ್ಪ. ಏನೂ ಇಲ್ಲ.”

ಮಕ್ಕಳು ನಿರಾಸೆಯಿಂದ ಹೊರಟುಹೋದರು. ಅಪ್ಪ ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೈಯದಿರುವುದೇ ಅವನ ಹೊಸ ಗುಣವಾಗಿತ್ತು. ಮೊದಲಿನ ಅಪ್ಪ ಸಾರಿಗೆ ಉಪ್ಪು ಸಾಲದಿದ್ದರೆ ಊಟದ ತಣಿಗೆ ತಳ್ಳುತ್ತಿದ್ದವನು. ಈಗ ಉಪ್ಪಿಲ್ಲದಿದ್ದರೂ ಉಣ್ಣುತ್ತಿದ್ದ, ನಾವು ಅರ್ಧ ಉಣ್ಣುವಷ್ಟರಲ್ಲಿ ಮುಗಿಸುತ್ತಿದ್ದ, ಎದ್ದು ತಣಿಗೆಯನ್ನು ತಾನೇ ತೊಳೆದು ಗೋಡೆಗೆ ಒರಗಿಸಿಡುತ್ತಿದ್ದ. ನಡುಮನೆಯ ಹೊಸ್ತಿಲಿಗೆ ಬಂದವನು ನಿಂತುಬಿಡುತ್ತಿದ್ದ, ಯಾರಾದರೂ ‘ಬಾ’ ಎನ್ನುವವರೆಗೆ. ಅಂಚೆಯವನ ಖಾಕಿ ಅಂಗಿ ಓಣಿಯ ತುದಿಯಲ್ಲಿ ಕಂಡರೆ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದ. ಆ ಬಡಪಾಯಿ ಅಂಚೆಯವನಿಗೂ ಮುಜುಗರ. ಅವ್ವನಿಗೆ ಇದೆಲ್ಲ ಸಿಟ್ಟು ತರಿಸುತ್ತಿತ್ತು.

“ಮನೆ ನಿಮ್ದೇ ಕಣ್ರೀ. ಒಳಕ್ಕೆ ಬರಕ್ಕೆ ಆರತಿ ಎತ್ಬೇಕಾ? ಆ ತಣಿಗೆ ಇಡಿ ಕೆಳಗೆ. ತೊಳೆಯಕ್ಕೆ ನಾನಿನ್ನೂ ಸತ್ತಿಲ್ಲ.”

“ಕೈ ಬಿಡುವಾಗಿತ್ತು, ತೊಳೆದೆ.”

“ಬಿಡುವಾಗಿದ್ರೆ ಒಂದು ಮಾತಾಡಿ. ಬೈಯಿರಿ ಬೇಕಾದ್ರೆ.”

ಅಪ್ಪ ಬೈಯಲಿಲ್ಲ. ಊರು ಮಾತ್ರ ಮಾತಾಡಿತು. ಶುದ್ಧಿಯಾಗದೆ ಅವನನ್ನು ಪಂಕ್ತಿಗೆ ಸೇರಿಸಿಕೊಳ್ಳುವ ಹಾಗಿಲ್ಲ ಎಂದು ಕುಲದ ಯಜಮಾನರು ಹೊಳೆಯಾಚೆಯಿಂದ ಹೇಳಿಕಳಿಸಿದರು. ಕಾಯಿಸಿದ ಚಿನ್ನದ ಚೂರನ್ನು ನಾಲಿಗೆಗೆ ಮುಟ್ಟಿಸಬೇಕು, ಆಮೇಲೆ ಕುಲಕ್ಕೆ ಊಟ ಹಾಕಬೇಕು. ಜೈಲಿನ ಅನ್ನ ಮುಟ್ಟಿದ ನಾಲಿಗೆ ಅಲ್ಲವೇ? ಗುದ್ದಲಿ ಬೀಸಿದ್ದು ಕೈ, ಸುಡುವುದು ನಾಲಿಗೆಯನ್ನು. ಇದರ ನ್ಯಾಯ ನನಗೆ ಇವತ್ತಿಗೂ ತಿಳಿದಿಲ್ಲ. ಅಜ್ಜಿ ತನ್ನ ಮೂಗುಬಟ್ಟನ್ನೇ ಬಿಚ್ಚಿಕೊಟ್ಟಳು. ನಮ್ಮ ಅಂಗಳದಲ್ಲಿ ಯಜಮಾನರು ಅದನ್ನು ಇಕ್ಕುಳದಲ್ಲಿ ಹಿಡಿದು ಕೆಂಡಕ್ಕೆ ಒಡ್ಡಿದರು. ಅಪ್ಪ ಅವರು ಹೇಳುವ ಮೊದಲೇ ನಾಲಿಗೆ ಚಾಚಿದ. ಆ ಕ್ಷಣದಲ್ಲಿ ನನಗೆ ಯಜಮಾನರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅಪ್ಪನ ಮೇಲೆ. ಅಷ್ಟು ಬೇಗ ಚಾಚಬೇಕಿತ್ತೇ?

ಅಂದು ಎರಡು ಹೋತ ಕಡಿದರು. ಅಂಗಳದ ತುಂಬ ಎಲೆ ಹಾಕಿದರು. ಅಪ್ಪನನ್ನು ನಡುವೆ ಕೂರಿಸಿಕೊಂಡು, ಸುಟ್ಟ ನಾಲಿಗೆಯಲ್ಲಿ ಅವನು ಒಂದು ತುತ್ತೂ ನುಂಗಲಾಗದೆ ಕೂತಿರುವಾಗ, ವಿಚಾರಣೆ ಶುರುವಾಯಿತು.

“ಅಲ್ಲಿ ಊಟಕ್ಕೆ ಏನ್ ಕೊಡೋರು ರಂಗಣ್ಣ?”

“ಅನ್ನ. ಸಾರು.”

“ಸುಣ್ಣ ಹಾಕ್ತಾರಂತೆ?”

“ಇಲ್ಲ.”

“ಹಾಕಿರ್ತಾರೆ ಬುಡು, ನಿಂಗೆ ಗೊತ್ತಾಗಿರಕ್ಕಿಲ್ಲ. ಹೊಡೆಯೋರಾ?”

“ನಂಗೇನೂ ಹೊಡೀನಿಲ್ಲ.”

“ಹಂಗಾದ್ರೆ ಆರಾಮಾಗಿದ್ದೆ ಅನ್ನು! ಕೂತಲ್ಲೇ ಊಟ. ನಾವಿಲ್ಲಿ ಗೇದು ಗೇದು ಸಾಯ್ತೀವಿ.”

ಕಷ್ಟಪಟ್ಟೆ ಎಂದರೆ ‘ಮಾಡಿದ್ದುಣ್ಣೋ’ ಎನ್ನುತ್ತಾರೆ. ಪಡಲಿಲ್ಲ ಎಂದರೆ ‘ಇನ್ನೊಂದಷ್ಟು ದಿನ ಇಡಬೇಕಿತ್ತು’ ಎನ್ನುತ್ತಾರೆ. ಅಪ್ಪ ಯಾವ ಉತ್ತರ ಕೊಟ್ಟಿದ್ದರೆ ಇವರಿಗೆ ಸಮಾಧಾನವಾಗುತ್ತಿತ್ತು? ಎಷ್ಟೋ ವರ್ಷದ ಮೇಲೆ, ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ, ಸ್ಟಾಫ್‌ರೂಮಿನಲ್ಲಿ ಇದೇ ಮಾತು ಬಂತು. ಕೈದಿಗಳಿಗೆ ಮಲಗಲು ಮಂಚ ಕೊಡಬೇಕೆಂದು ಪತ್ರಿಕೆಯಲ್ಲಿ ಯಾರೋ ಬರೆದಿದ್ದರು. ‘ಮಂಚ ಯಾಕೆ, ಕಾಲು ಒತ್ತಲು ಆಳು ಕೊಡಲಿ’ ಎಂದು ಒಬ್ಬರು, ‘ಅಂಥವರಿಗೆ ಅನ್ನವೇ ದಂಡ’ ಎಂದು ಇನ್ನೊಬ್ಬರು. ಎಲ್ಲರೂ ಓದಿದವರು, ಮಕ್ಕಳಿಗೆ ನೀತಿಪಾಠ ಹೇಳುವವರು. ನಾನು ಪುಸ್ತಕ ಮುಚ್ಚಿ, ‘ನಮ್ಮ ತಂದೆ ಹದಿನೆಂಟು ತಿಂಗಳು ಅಲ್ಲಿ ನೆಲದ ಮೇಲೆ ಮಲಗಿ ಬಂದವರು, ಅವರಿಗೆ ಕೊನೆಯವರೆಗೂ ಸೊಂಟನೋವಿತ್ತು’ ಎಂದೆ. ಒಬ್ಬರು ‘ಅಯ್ಯೋ, ನಿಮ್ಮ ತಂದೆಯವರ ವಿಷಯ ಬೇರೆ ಬಿಡಿ ಮೇಡಂ’ ಎಂದರು. ಏನು ಬೇರೆ ಎಂದು ಕೇಳಿದೆ. ಮಾರನೆಯ ದಿನದಿಂದ ನನ್ನ ಪಕ್ಕದ ಕುರ್ಚಿಯವರು ತಮ್ಮ ಕೈಚೀಲವನ್ನು ಮೇಜಿನ ಮೇಲಿಡುವುದು ಬಿಟ್ಟು ತೊಡೆಯ ಮೇಲೆ ಇಟ್ಟುಕೊಳ್ಳತೊಡಗಿದರು. ಹನ್ನೆರಡು ವರ್ಷ ಒಟ್ಟಿಗೆ ಚಹ ಕುಡಿದವರು.

ಶುದ್ಧಿಯ ಊಟಕ್ಕೆ ಊರಿನಲ್ಲಿ ಬಾರದವನು ಒಬ್ಬನೇ, ಕೆಂಚಪ್ಪ ದೊಡ್ಡಪ್ಪ. ಯಜಮಾನರು ಹೇಳಿಕಳಿಸಿದ್ದಕ್ಕೆ ಅವನು ಕೊಟ್ಟ ಉತ್ತರ ಪಂಕ್ತಿ ಏಳುವ ಮೊದಲೇ ನಮ್ಮ ಅಂಗಳಕ್ಕೆ ಮುಟ್ಟಿತು.

“ಏಟು ತಿಂದೋನು ನಾನು, ಹೋತ ತಿನ್ನೋರು ಅವರಾ? ಯಾವ ಸೀಮೆ ನ್ಯಾಯಾನಪ್ಪ ಇದು!”

ಅಜ್ಜಿ ಅವನಿಗೆ ಹಿಡಿ ಶಾಪ ಹಾಕಿದಳು. ಅವ್ವ, ಅಂತೂ ಮುಗಿಯಿತಲ್ಲ ಎಂದು ಉಸಿರುಬಿಟ್ಟಳು. ನಾಲಿಗೆ ಸುಟ್ಟಿತು, ಊಟ ಆಯಿತು, ಇನ್ನು ಎಲ್ಲ ಮೊದಲಿನಂತೆ ಎಂದು ಅವಳು ನಂಬಿದ್ದಳು. ಒಟ್ಲಿನಲ್ಲಿ ಭತ್ತದ ಸಸಿ ಗೇಣೆತ್ತರ ಬೆಳೆದಿತ್ತು, ಪುನರ್ವಸು ಮಳೆ ಹದವಾಗಿ ಹಿಡಿದಿತ್ತು. ಅವ್ವ ಹಿಂದಿನ ಸಂಜೆ ಮನೆಮನೆಗೆ ಹೋಗಿ ಮುಯ್ಯಿಗೆ ಕರೆದು ಬಂದಳು. ಎಲ್ಲರೂ “ಬತ್ತೀವಿ ಬುಡಕ್ಕ” ಎಂದರು. ಬೆಳಿಗ್ಗೆ ಅವಳು ಇಪ್ಪತ್ತು ಜನಕ್ಕಾಗುವಷ್ಟು ಅಕ್ಕಿರೊಟ್ಟಿ ತಟ್ಟಿದಳು, ದೊಡ್ಡ ಗಡಿಗೆಯಲ್ಲಿ ಕಳಲೆ ಸಾರು ಕಾಯಿಸಿದಳು. ಅಪ್ಪ ಎತ್ತು ಕಟ್ಟಿ ಕೆಸರು ಹದ ಮಾಡಿ ಕಾದ. ಬಿಸಿಲು ನೆತ್ತಿಗೆ ಬಂದರೂ ಒಂದು ನರಪಿಳ್ಳೆ ಬರಲಿಲ್ಲ. ವಿಚಾರಿಸಲು ನನ್ನನ್ನು ಓಡಿಸಿದರು. ಒಂದು ಮನೆಯಲ್ಲಿ ಹಸು ಕರು ಹಾಕುತ್ತಿತ್ತು, ಇನ್ನೊಂದು ಮನೆಯಲ್ಲೂ ಹಸು ಕರು ಹಾಕುತ್ತಿತ್ತು. ಆ ದಿನ ನಮ್ಮೂರಿನಲ್ಲಿ ಹುಟ್ಟಬೇಕಾಗಿದ್ದ ಕರುಗಳೆಲ್ಲ ಹುಟ್ಟಿದ್ದರೆ ಮೇಯಿಸಲು ಕಾಡು ಸಾಲುತ್ತಿರಲಿಲ್ಲ. ಕಡೆಗೆ ಒಬ್ಬಾಕೆ ಮಾತ್ರ ಬಾಯಿಬಿಟ್ಟು ಹೇಳಿದಳು. ಅವಳ ನೇರತನಕ್ಕೆ ನಾನು ಇವತ್ತೂ ಋಣಿ.

“ನಿಮ್ಮವ್ವಂಗೆ ಯೋಳು, ಬೇಜಾರ್ ಮಾಡ್ಕಬ್ಯಾಡ ಅಂತ. ಗದ್ದೇಲಿ ನಾವು ಬಗ್ಗಿ ನಿಂತಿರ್ತೀವಿ, ಬೆನ್ನಿಂದೆ ನಿಮ್ಮಪ್ಪ ಇರ್ತಾನೆ. ಜೈಲಿಂದ ಬಂದೋರು ಯಾವಾಗ ಹೆಂಗಿರ್ತಾರೋ! ಅವನು ಮನೇಲಿದ್ರೆ ಬತ್ತೀವಿ.”

ಅದೇ ಹೆಂಗಸು ಎಂಟು ದಿನದ ಕೆಳಗೆ ನಮ್ಮಂಗಳದಲ್ಲಿ, ಅಪ್ಪನಿಗೆ ಎದುರು ಎಲೆಯಲ್ಲಿ ಕೂತು, ಎರಡನೆಯ ಸಲ ಬಾಡು ಹಾಕಿಸಿಕೊಂಡಿದ್ದಳು.

ನಾನು ಮಾತನ್ನು ಇದ್ದಹಾಗೇ ತಂದು ಒಪ್ಪಿಸಿದೆ. ಒಪ್ಪಿಸಬಾರದಿತ್ತೋ ಏನೋ. ಎರಡು ದಿನ ನಾವು ಒಣಗಿದ ರೊಟ್ಟಿಯನ್ನೇ ನೀರಿಗೆ ಅದ್ದಿ ತಿಂದೆವು, ಆ ಎರಡು ದಿನವೂ ಮನೆಯಲ್ಲಿ ಜಗಳ. ಜಗಳವೆಂದರೆ ಅವ್ವ ಮತ್ತು ಅಜ್ಜಿಯ ನಡುವೆ. ಅಪ್ಪ ಭತ್ತ ತುಂಬುವ ವಾಡೆಗಳಿದ್ದ ಕೋಣೆಯ ಹೊಸ್ತಿಲಿನಲ್ಲಿ ಮಂಡಿಯ ಮೇಲೆ ಕೈಯಿಟ್ಟು ಕೂತು, ಬೇರೆ ಯಾರದೋ ಮನೆಯ ಜಗಳದಂತೆ ಕೇಳುತ್ತಿದ್ದ.

“ಸಸಿ ಬಲಿತಾ ಅದೆ ಅತ್ತೆ. ಇನ್ನೊಂದು ವಾರ ಆದ್ರೆ ಗಂಟು ಬಂದು ಬಿಸಾಕ್ಬೇಕು. ವರ್ಷವೆಲ್ಲ ಏನ್ ತಿಂತೀರಿ? ಒಂದಿನ. ಒಂದೇ ಒಂದಿನ ಅವರು ಒಳಗಿದ್ರೆ ಏನಾಯ್ತದೆ?”

“ನಾ ಹೆತ್ತ ಮಗನ್ನ ಕೋಳಿ ಮುಚ್ಚಿದಂಗೆ ಮುಚ್ತೀಯೇನೇ? ಹೋಗ್ಲಿ, ನಾನು ನೀನು ಈ ಕೂಸು ಸೇರಿ ಹಾಕನ, ಆಯ್ತದೆ.”

“ಮೂರು ಜನಕ್ಕೆ ಆಯ್ತದಾ ಅಷ್ಟು ಗದ್ದೆ? ನಿಮ್ಗೆ ಬಗ್ಗಿದ್ರೆ ಏಳಕ್ಕಾಯ್ತದಾ?”

ಆಗ ಅಪ್ಪ ಮಾತಾಡಿದ, ಜಗಳ ಬಿಡಿಸುವವನಂತೆ ಮೆಲ್ಲಗೆ.

“ಹೋಗ್ಲಿ ಬುಡವ್ವ. ನಾನು ಕೋಣೇಲಿರ್ತೀನಿ. ಒಳಗಿರೋದು ಅಭ್ಯಾಸ ಅದೆ.”

ಅವ್ವ ಗೆದ್ದಳು. ಗೆದ್ದವಳು ಒಲೆಯ ಮುಂದೆ ಕೂತು ಹೊಗೆಯ ನೆಪದಲ್ಲಿ ಬಹಳ ಹೊತ್ತು ಕಣ್ಣೊರೆಸಿಕೊಂಡಳು. ನನಗೆ ಅವಳ ಮೇಲೂ ಕೋಪ, ಅಜ್ಜಿಯ ಮೇಲೂ ಕೋಪ, ತಾನೇ ಹೋಗಿ ಒಳಗೆ ಕೂರುತ್ತೇನೆಂದ ಅಪ್ಪನ ಮೇಲಂತೂ ಹೇಳತೀರದ ಕೋಪ. ಹಿಂದೆ ಸರಿಯುವುದನ್ನೂ ಒಬ್ಬ ಮನುಷ್ಯ ಇಷ್ಟು ಚೆನ್ನಾಗಿ ಕಲಿತುಬಿಡಬಹುದೇ? ಓದಬೇಕು, ಯಾರೆದುರೂ ಹೀಗೆ ಕೂರಬಾರದು ಎಂಬ ಹಟ ನನಗೆ ಹತ್ತಿದ್ದು ಆ ಎರಡು ದಿನಗಳಲ್ಲಿ. ಮುಂದೆ ಲಾಟೀನಿನ ಬೆಳಕಿನಲ್ಲಿ ಓದಿದ್ದು, ಹೊಳೆ ದಾಟಿ ಹಾಸ್ಟೆಲಿಗೆ ಹೋದದ್ದು, ಎರಡು ಸೀರೆಯಲ್ಲಿ ಬಿ.ಎ. ಮುಗಿಸಿದ್ದು ಎಲ್ಲ ಆ ಹಟದಿಂದಲೇ. ಆದರೆ ನಾಟಿಯ ದಿನ ನಾನು ಮಾಡಿದ ಕೆಲಸ ಬೇರೆ.

ಅವ್ವ ಮತ್ತೆ ಕರೆದು ಬಂದಳು. ಈ ಸಲ ಹಸುಗಳು ಕರು ಹಾಕಲಿಲ್ಲ, ಹೊತ್ತು ಮೂಡುತ್ತಲೇ ಹೆಂಗಸರು ಗದ್ದೆಗೆ ಬಂದು ಇಳಿದರು. ಎತ್ತು ಹೊಡೆಯಲು ಹೊಳೆಯಾಚೆಯಿಂದ ಅವ್ವನ ತಮ್ಮ ಬಂದಿದ್ದ. ಅಪ್ಪ ಕೋಣೆಗೆ ಹೋಗಿ ಎರಡು ವಾಡೆಗಳ ನಡುವಿನ ಜಾಗದಲ್ಲಿ ಕಂಬಳಿ ಹಾಸಿಕೊಂಡು ಕೂತ. ಬೆಳಕು ಬರಲು ಅಲ್ಲಿ ಅಂಗೈಯಗಲದ ಗವಾಕ್ಷಿ ಬಿಟ್ಟರೆ ಏನೂ ಇರಲಿಲ್ಲ. ಅವ್ವ ಹೊರಡುವಾಗ ನನಗೆ ಹೇಳಿದಳು.

“ಪುಟ್ಟಿ, ನೀನು ಬಾಗ್ಲಲ್ಲೇ ಕೂತಿರು. ಚಿಲಕ ಹಾಕು. ನೀರು ತಕಂಡ್ ಹೋಗಕ್ಕೆ ಅಂತ ಯಾರಾದ್ರೂ ಬಂದು ಇಣುಕಿದ್ರೆ ಚೆಂದಾಗಿರಕ್ಕಿಲ್ಲ.”

ಆ ಕೋಣೆಗೆ ಚಿಲಕವಿದ್ದದ್ದು ಹೊರಗಡೆಗೆ, ಇಲಿ ಬೆಕ್ಕು ನುಗ್ಗದಂತೆ ಹಾಕುವ ಕಬ್ಬಿಣದ ಚಿಲಕ. ನನ್ನ ಕೈಗೆ ಎಟುಕುತ್ತಿರಲಿಲ್ಲ. ಮಣೆ ಇಟ್ಟುಕೊಂಡು ಹತ್ತಿ ಹಾಕಿದೆ. ಆ ಸದ್ದಿಗೆ ಒಳಗಿನಿಂದ, ಯಾರೂ ಏನೂ ಕೇಳದಿದ್ದರೂ, ಅಪ್ಪನ ದನಿ ಬಂತು. “ಹ್ಞೂ” ಎಂದ. ಹಾಜರಿ ಹೇಳಿದ ಹಾಗೆ.

ಕೆಂಚಪ್ಪ ದೊಡ್ಡಪ್ಪ ಬಂದದ್ದು ಅದಾಗಿ ಒಂದು ಗಂಟೆಯೊಳಗೆ. ನಮ್ಮ ಗದ್ದೆಯಲ್ಲಿ ನಾಟಿ ನಡೆಯುತ್ತಿರುವುದು, ಅಪ್ಪ ಅಲ್ಲಿಲ್ಲದಿರುವುದು ಅವನಿಗೆ ತನ್ನ ಬದುವಿನಿಂದಲೇ ಕಂಡಿತ್ತು. ಹೆಂಗಸರು ಕಾರಣವನ್ನೂ ಹೇಳಿದ್ದರು, ಅದೇನೋ ಒಳ್ಳೆಯ ಏರ್ಪಾಡು ಮಾಡಿದವರ ಹಾಗೆ. ಅಪ್ಪ ಜೈಲಿಗೆ ಹೋದಮೇಲೆ ಅವನು ನಮ್ಮ ಹೊಸ್ತಿಲು ತುಳಿದದ್ದು ಅದೇ ಮೊದಲು. ಬಲಗೈ ಪಕ್ಕದಲ್ಲಿ ಗೂಟದಂತೆ ನೇತುಬಿದ್ದಿತ್ತು.

“ಎಲ್ಲೇ ನಿಮ್ಮಪ್ಪ?”

“ಕುಟ್ಟಕ್ಕೆ ಹೋಗವ್ರೆ,” ಎಂದೆ. ಬಾಯಿ ತಾನಾಗಿ ಹೇಳಿತು.

“ಕುಟ್ಟ! ನಿನ್ ತಲೆ!” ಎಂದವನು ನನ್ನನ್ನು ದಾಟಿ, ಎಡಗೈಯಲ್ಲಿ ಚಿಲಕ ಸರಿಸಿ, ಬಾಗಿಲನ್ನು ಕಾಲಿನಿಂದ ನೂಕಿದ. ಒಳಗೆ ಅಪ್ಪ ಎದ್ದು ನಿಂತಿದ್ದ, ಗೋಡೆಗೆ ಬೆನ್ನು ಕೊಟ್ಟು, ಕೈ ಇಳಿಬಿಟ್ಟು. ನಾನು ಅವ್ವನನ್ನು ಕರೆಯಲು ಓಡದೆ ಬಾಗಿಲ ಪಕ್ಕದಲ್ಲೇ ನಿಂತುಬಿಟ್ಟೆ. ಈಗ ಹೊಡೆಯುತ್ತಾನೆ, ಅಪ್ಪ ಹೊಡೆಸಿಕೊಳ್ಳುತ್ತಾನೆ ಎಂದೇ ತಿಳಿದೆ.

“ಏನ್ಲಾ ರಂಗ, ಸರ್ಕಾರ ಬುಡ್ತು, ನಿನ್ ಹೆಂಡ್ತಿ ಹಾಕವ್ಳಾ ಒಳಗೆ?”

ಅಪ್ಪ ಗೋಡೆಗೆ ಇನ್ನಷ್ಟು ಒತ್ತಿಕೊಂಡ.

“ಮಾತಾಡ್ಲಾ! ಅವತ್ತು ಬಾಯಿತ್ತಲ್ಲ, ತೋಡಿನ ತಾವ? ಹದಿನೆಂಟು ತಿಂಗ್ಳು ಒಳಗೆ ಕೂತು ಬಂದ್ಯಲ್ಲ, ನಂಗೇನ್ ಬಂತ್ಲಾ ಅದ್ರಲ್ಲಿ? ಮೇಣಿ ಹಿಡಿಯಕ್ಕೆ ಈ ಕೈ ಬರಾಕಿಲ್ಲ. ಎರಡು ವರ್ಷದಿಂದ ಕಂಡಕಂಡೋರ ಕಾಲು ಹಿಡಿದು ಗದ್ದೆ ಉಳಿಸ್ಕಂಡಿವ್ನಿ. ಗದ್ದೆ ಹೆಂಗೆ ಊಳ್ತಾನೆ ಇವನು ಅಂತ ಆ ಜಡ್ಜು ಕೇಳಿದ್ನಾ? ನಿನ್ ನಾಲ್ಗೆ ಸುಟ್ರಲ್ಲ, ಆ ಯಜಮಾನ್ರು ಕೇಳಿದ್ರಾ? ಈಗ ನೀನೂ ಇಲ್ಲಿ ಕತ್ತಲಲ್ಲಿ ಬೆಚ್ಗೆ ಕೂತ್ಕಳ್ತೀಯಾ? ಆಚೆಗೆ ಬಾರ್ಲಾ. ನಿನ್ ನಾಟಿ ಮುಗಿಸು, ನಾಳೆ ಬಂದು ನನ್ ಗದ್ದೆ ಊಳು.”

“ಅವರು ಎದ್ದೋಯ್ತಾರೆ ಕೆಂಚಣ್ಣ, ನಾನ್ ಬಂದ್ರೆ.” ಅಪ್ಪ ಬಂದಮೇಲೆ ನಾನು ಅವನಿಂದ ಕೇಳಿದ ಅತಿ ಉದ್ದದ ಮಾತುಗಳಲ್ಲಿ ಅದೂ ಒಂದು.

“ಹೋದ್ರೆ ಹೋಗ್ಲಿ. ಏಟು ಬಿದ್ದಿದ್ದು ಅವ್ರಿಗಲ್ಲ.”

ಮೂವರೂ ಗದ್ದೆಗೆ ನಡೆದೆವು. ದೊಡ್ಡಪ್ಪ ಮುಂದೆ, ಹಿಂದೆ ಅಪ್ಪ, ಅವನ ಹಿಂದೆ ನಾನು. ದಾರಿಯುದ್ದಕ್ಕೂ ದೊಡ್ಡಪ್ಪ ಬೈಯುತ್ತಲೇ ಇದ್ದ. ನೀರು ಕದ್ದದ್ದಕ್ಕೆ, ಬದು ಅತ್ತ ಸರಿಸಿದ್ದಕ್ಕೆ, ಎಂದೋ ನಮ್ಮ ಎಮ್ಮೆ ಅವನ ಹುರುಳಿ ಮೇಯ್ದದ್ದಕ್ಕೆ. ತೋಡು ದಾಟುವಾಗ ಅಪ್ಪ ಇದ್ದಕ್ಕಿದ್ದಂತೆ, “ಎಮ್ಮೆ ನಮ್ದಲ್ಲ” ಎಂದ.

“ನಿಂದೇ ಕಣ್ಲಾ!”

“ಅಲ್ಲ ಅಂದ್ನಲ್ಲ. ಅದರ ಕೊಂಬು ನೋಡಿದ್ಯಾ ನೀನು?”

ನನಗೆ ಆಶ್ಚರ್ಯವಾಯಿತು. ಅಪ್ಪನೊಂದಿಗೆ ಯಾರೂ ಜಗಳವಾಡಿರಲಿಲ್ಲ, ಅವನು ಬಂದಾಗಿನಿಂದ. ಅವನನ್ನು ನೋಡಿದ್ದರು, ತಿನ್ನಿಸಿದ್ದರು, ಸುಟ್ಟಿದ್ದರು, ಮುಚ್ಚಿಟ್ಟಿದ್ದರು. ಅವನ ಎಮ್ಮೆಯ ವಿಷಯ ಯಾರೂ ಎತ್ತಿರಲಿಲ್ಲ.

ನಮ್ಮನ್ನು ಕಂಡು ಹೆಂಗಸರ ಪದ ನಿಂತಿತು. ಬಗ್ಗಿದ್ದವರು ನೆಟ್ಟಗಾದರು. ಅವ್ವ ಬಾಯಿಗೆ ಸೆರಗು ಹಿಡಿದು ನನ್ನನ್ನು ನುಂಗುವಂತೆ ನೋಡಿದಳು. ನಾಲ್ವರು ಕಾಲಿನ ಕೆಸರು ತೊಳೆದುಕೊಂಡು ಹೊರಟುಹೋದರು, ಅಂದು ನನಗೆ ಬಾಯಿಬಿಟ್ಟು ಹೇಳಿದ್ದಾಕೆಯೂ ಅವರಲ್ಲಿ ಒಬ್ಬಳು. ಉಳಿದವರು ಹೋಗಲೂ ಆಗದೆ ಬಗ್ಗಲೂ ಆಗದೆ ನಿಂತರು. ದೊಡ್ಡಪ್ಪ ಬದುವಿನ ಮೇಲಿಂದ ಕೂಗಿದ.

“ಏನ್ರವ್ವ, ಏಟು ತಿಂದೋನೇ ಪಕ್ಕದಲ್ಲಿ ನಿಂತಿವ್ನಿ, ನಿಮ್ಗೇನ್ ಭಯ? ನಡೀರಿ, ನಡೀರಿ. ಸಸಿ ಬಾಡ್ತದೆ.”

ಅಪ್ಪ ಗದ್ದೆಗಿಳಿದು ಅವ್ವನ ತಮ್ಮನ ಕೈಯಿಂದ ಎತ್ತಿನ ಹಗ್ಗ ತೆಗೆದುಕೊಂಡ. ಹೆಂಗಸರು ಅವನಿರುವ ಮೂಲೆ ಬಿಟ್ಟು ಇನ್ನೊಂದು ಮೂಲೆಗೆ ಸರಿದು ಬಗ್ಗಿದರು. ಪದ ಮತ್ತೆ ಏಳಲಿಲ್ಲ. ಕೆಲಸ ಸಾಗಿತು, ಅಷ್ಟೇ. ಎಲ್ಲರ ಮನಸ್ಸೂ ಕರಗಿತು ಎಂದು ಬರೆದರೆ ಸುಳ್ಳಾಗುತ್ತದೆ. ಆಮೇಲೆ ಎಷ್ಟೋ ವರ್ಷ ಆ ಹೆಂಗಸರು ಅಪ್ಪ ಎದುರಾದರೆ ಸೆರಗು ಎಳೆದುಕೊಂಡು ಓಣಿಯ ಆ ಬದಿಗೆ ಹೋಗುತ್ತಿದ್ದರು.

ಮಧ್ಯಾಹ್ನ ಬದುವಿನ ಮೇಲೆ ಸಾಲಾಗಿ ಊಟಕ್ಕೆ ಕೂತರು. ಮುದ್ದೆ, ಉಪ್ಪುಸಾರು. ಅವ್ವ ಹೆದರುತ್ತಲೇ ದೊಡ್ಡಪ್ಪನನ್ನೂ ಕರೆದಳು. ಅವನು ಒಲ್ಲೆ ಎಂದ, ಮನೆಗೆ ಹೋಗುತ್ತೇನೆ ಎಂದ, ಹಸಿವಿಲ್ಲ ಎಂದ. ಅಜ್ಜಿ ತಣಿಗೆಗೆ ಮುದ್ದೆ ಹಾಕಿ ಅವನ ಮುಂದೆ ಕುಕ್ಕಿದಳು. ಶಾಪ ಹಾಕಿದ ಬಾಯಿಂದಲೇ “ಉಣ್ಣು” ಎಂದಳು. ಅವನು ಸಾಲಿನ ಕೊನೆಯಲ್ಲಿ ಕೂತ. ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಎಡಗೈ ಮುಂದೆ ತಂದು ಮುದ್ದೆ ಮುರಿದ. ಬಲಗೈ ಬಾಯಿಯವರೆಗೆ ಬರುತ್ತಿರಲಿಲ್ಲ. ಎರಡು ವರ್ಷದಿಂದ ಅವನು ಮದುವೆಮನೆಗೂ ಹೋಗಿಲ್ಲ, ತಿಥಿಮನೆಗೂ ಹೋಗಿಲ್ಲ, ತನ್ನ ಮನೆಯಲ್ಲೂ ಗೋಡೆಗೆ ಮುಖ ಮಾಡಿ ಉಣ್ಣುತ್ತಾನೆ, ಅದು ಏಕೆಂದು ನಮಗೆ ಆಗ ತಿಳಿಯಿತು. ಸಾಲಿನಲ್ಲಿ ಒಬ್ಬೊಬ್ಬರ ಕೈಯೂ ನಿಂತಿತು. ಎಡಗೈಯಲ್ಲಿ ಉಣ್ಣುವವನನ್ನು ಎಲ್ಲರೂ ನೋಡುತ್ತಿದ್ದರು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ನಾನೂ ನೋಡುತ್ತಿದ್ದೆ.

ಅಪ್ಪ ತನ್ನ ತಣಿಗೆ ತೆಗೆದುಕೊಂಡು ಎದ್ದ. ಯಾರೂ ‘ಬಾ’ ಎನ್ನಲಿಲ್ಲ. ಸಾಲಿನ ಕೊನೆಗೆ ಹೋಗಿ, ನಮ್ಮೆಲ್ಲರಿಗೂ ಬೆನ್ನು ಹಾಕಿ, ದೊಡ್ಡಪ್ಪನಿಗೆ ಎದುರಾಗಿ, ಅವನು ಯಾರಿಗೂ ಕಾಣದ ಹಾಗೆ ಅಡ್ಡ ಕೂತ. ಆ ಕೈಯನ್ನು ಅಪ್ಪ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು. ಅವನ ತುತ್ತು ತಣಿಗೆಯಲ್ಲೇ ಉಳಿಯಿತು. ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು, ಅದು ಅಲುಗುತ್ತಿತ್ತು. ದೊಡ್ಡಪ್ಪ ಬಾಯಲ್ಲಿದ್ದದ್ದನ್ನು ನುಂಗಿ, ಇಡೀ ಗದ್ದೆಗೆ ಕೇಳುವಂತೆ ಗದರಿದ.

“ಏನ್ಲಾ ನೋಡ್ತೀಯ? ನೀನೇ ಮಾಡಿದ್ದು. ಉಣ್ಣು, ಇನ್ನೂ ಅರ್ಧ ಗದ್ದೆ ಅದೆ.”